ಸಾಕ್ಷಿಯಿಲ್ಲದ ದಾಳ

ಕಳೆದ ಆಷಾಢದ ಒಂದು ರಾತ್ರಿ, ಹನ್ನೊಂದು ಗಂಟೆಯ ಸುಮಾರಿಗೆ, ನಮ್ಮ ನಡುಮನೆಯಲ್ಲಿ ಒಬ್ಬನೇ ಕುಳಿತು ನಾನು ಒಂದು ಮೋಸ ಮಾಡಿದೆ. ಯಾರಿಗೆ ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಅದರಿಂದ ಯಾರ ಕಾಸೂ ಹೋಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಹೆಂಡತಿ ಒಳಗೆ ಮಲಗಿದ್ದಳು. ಹೊರಗೆ ಮಳೆ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು. ಮಾಡಿದ ಕೆಲಸವೆಂದರೆ ಇಷ್ಟೇ: ಮೇಜಿನ ಮೇಲೆ ಬಿದ್ದಿದ್ದ ಎರಡು ದಾಳಗಳನ್ನು ಎತ್ತಿಕೊಂಡು ಇನ್ನೊಮ್ಮೆ ಉರುಳಿಸಿದೆ. ಇದನ್ನು ಪತ್ರಿಕೆಗೆ ಬರೆಯುವಷ್ಟು ದೊಡ್ಡದು ಮಾಡುತ್ತಿದ್ದಾನಲ್ಲ ಎಂದು ಓದುಗರು ನಗಬಹುದು. ನಾನೂ ಅಂದು ನಕ್ಕೇ ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಹಗರೆ, ಹಾಸನದಿಂದ ಬೇಲೂರಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡುವ ಊರು. ಇಲ್ಲಿ ರಸ್ತೆ ಕವಲೊಡೆದು ಒಂದು ಹಳೇಬೀಡಿನ ಕಡೆಗೆ ತಿರುಗುತ್ತದೆ. ಕವಲಿನ ಊರುಗಳ ಸ್ವಭಾವವೇ ಹಾಗೆ. ಎಲ್ಲರೂ ಎಲ್ಲಿಗೋ ಹೋಗುವವರು, ನಿಲ್ಲುವವರು ಕಡಿಮೆ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾಗಿ ನಿಂತವನು ನಾನು. ಸಂಜೆ ಚದುರಂಗಕ್ಕೆ ಬರುತ್ತಿದ್ದ ಗೆಳೆಯರೊಬ್ಬರು ಎರಡು ವರ್ಷದ ಕೆಳಗೆ ಮಗನ ಮನೆಗೆಂದು ಮೈಸೂರಿಗೆ ಹೋದರು. ಆಮೇಲೆ ಮಣೆ ಅಟ್ಟ ಸೇರಿತು.

ಬೇಸಿಗೆಯ ರಜಕ್ಕೆ ಬಂದಿದ್ದ ಮೊಮ್ಮಗ ನನ್ನ ಅವಸ್ಥೆ ನೋಡಿ, ಹೋಗುವಾಗ ಒಂದು ಆಟ ಬಿಟ್ಟುಹೋದ. ಅದಕ್ಕೆ ಮಣೆಯಿಲ್ಲ, ಕಾಯಿಯಿಲ್ಲ. ನಿಯಮಗಳ ಪುಸ್ತಕ, ಒಂದು ಪೆನ್ಸಿಲು, ಕಾಗದ, ಎರಡು ಆರು ಮುಖದ ದಾಳ, ಇಷ್ಟೇ ಸಲಕರಣೆ. ಹೆಸರು ‘ಟ್ರ್ಯಾವೆಲರ್’. 1977ರಲ್ಲಿ ಅಮೆರಿಕದಲ್ಲಿ ಮಾರ್ಕ್ ಮಿಲ್ಲರ್ ಎಂಬುವರು ರಚಿಸಿ ಮೂರು ಸಣ್ಣ ಕಪ್ಪು ಪುಸ್ತಕಗಳಾಗಿ ಪ್ರಕಟವಾದದ್ದು. ದೂರದ ಭವಿಷ್ಯದಲ್ಲಿ ಮನುಷ್ಯರು ನಕ್ಷತ್ರದಿಂದ ನಕ್ಷತ್ರಕ್ಕೆ ಓಡಾಡುವ ಕಾಲದ ಕಥೆ. ಕಥೆಯನ್ನು ಯಾರೂ ಬರೆದಿಟ್ಟಿಲ್ಲ, ಆಡುವವರೇ ಕಟ್ಟಬೇಕು. ಪಾತ್ರಧಾರಿ ಏನು ಮಾಡುತ್ತೇನೆಂದು ಹೇಳುತ್ತಾನೆ, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಸಾಮಾನ್ಯವಾಗಿ ನಾಲ್ಕೈದು ಮಂದಿ ಸುತ್ತ ಕುಳಿತು ಒಬ್ಬನನ್ನು ತೀರ್ಪುಗಾರನನ್ನಾಗಿ ಮಾಡಿಕೊಂಡು ಆಡುತ್ತಾರಂತೆ. ಆದರೆ ಒಬ್ಬನೇ ಕುಳಿತು ಆಡುವ ಬಗೆಯನ್ನೂ ಆ ಮೊದಲ ಪುಸ್ತಕದಲ್ಲೇ ಹೇಳಿದೆ. ಆಗ ಆಡುವವನೂ ತಾನೆ, ತೀರ್ಪುಗಾರನೂ ತಾನೆ, ಪ್ರೇಕ್ಷಕನೂ ತಾನೆ. ನಮ್ಮ ಬಯಲಾಟದಲ್ಲಿ ಭಾಗವತನೇ ಭೀಮನ ವೇಷ ಕಟ್ಟಿ, ತಾನೇ ಎದುರಿಗೆ ಚಾಪೆ ಹಾಸಿಕೊಂಡು ಕುಳಿತ ಹಾಗೆ.

ಈ ಆಟದಲ್ಲಿ ನನ್ನನ್ನು ಹಿಡಿದುಹಾಕಿದ್ದು ಆಟಕ್ಕೆ ಮುಂಚಿನ ಭಾಗ, ಪಾತ್ರಕ್ಕೆ ಜನ್ಮ ಕೊಡುವುದು. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿದ್ಯೆ, ಅಂತಸ್ತು ಎಂದು ಆರು ಗುಣ. ಒಂದೊಂದಕ್ಕೂ ಎರಡು ದಾಳ ಉರುಳಿಸಬೇಕು. ಬಿದ್ದದ್ದೇ ಹಣೆಬರಹ. ಹದಿನೆಂಟನೆಯ ವಯಸ್ಸಿಗೆ ಪಾತ್ರ ಯಾವುದಾದರೊಂದು ಸೇವೆಗೆ ಸೇರುತ್ತದೆ. ನಾಲ್ಕು ವರ್ಷಕ್ಕೊಂದು ಅವಧಿ. ಪ್ರತಿ ಅವಧಿಗೂ ಮೊದಲು, ಬದುಕಿ ಉಳಿಯಿತೇ ಎಂದು ಒಂದು ಗರ ಹಾಕಬೇಕು. ಉಳಿಯದಿದ್ದರೆ ಆಟ ಶುರುವಾಗುವ ಮೊದಲೇ ಪಾತ್ರ ಸತ್ತುಹೋಗುತ್ತದೆ! ಇಷ್ಟು ನಿರ್ದಯವಾದ ನಿಯಮವನ್ನು ಆಟವೆಂದು ಕರೆದವರ ಧೈರ್ಯಕ್ಕೆ ನಾನು ತಲೆದೂಗಿದೆ.

ನನ್ನ ಪಾತ್ರಕ್ಕೆ ಬಾಚಲೆ ಎಂದು ಹೆಸರಿಟ್ಟೆ. ನಮ್ಮ ಕಡೆಯ ಹೊಯ್ಸಳರ ಕಾಲದ ಶಾಸನದಲ್ಲಿ ಓದಿದರೆ ಯಾರಿಗೂ ಅನುಮಾನ ಬಾರದಂಥ ಹೆಸರು. ಶಕ್ತಿ ಐದು, ತಾಳಿಕೆ ಏಳು, ಅಂತಸ್ತು ನಾಲ್ಕು. ವಿದ್ಯೆ ಮಾತ್ರ ಹತ್ತು. ಬಡವರ ಮನೆಯ ಓದುವ ಹುಡುಗಿ. ಇಂಥ ಹುಡುಗಿಯರನ್ನು ನಾನು ಮೂವತ್ತೊಂದು ವರ್ಷ ಎರಡನೆಯ ಬೆಂಚಿನಲ್ಲಿ ಕಂಡಿದ್ದೇನೆ. ಅವಳನ್ನು ಸ್ಕೌಟ್ ಸೇವೆಗೆ ಸೇರಿಸಿದೆ. ಯಾರೂ ಹೋಗದ ನಕ್ಷತ್ರಗಳಿಗೆ ಮೊದಲು ಹೋಗಿ ನಕ್ಷೆ ತರುವ ಕೆಲಸ. ಅಲ್ಲಿ ಬದುಕುಳಿಯುವ ಗರವೂ ಎಲ್ಲ ಸೇವೆಗಳಿಗಿಂತ ಕಠಿಣ. ಎರಡು ದಾಳ ಸೇರಿ ಏಳು ಅಥವಾ ಹೆಚ್ಚು ಬೀಳಬೇಕು. ಮೂವತ್ತಾರು ಸಾಧ್ಯತೆಗಳಲ್ಲಿ ಇಪ್ಪತ್ತೊಂದು ಬದುಕಿಗೆ, ಹದಿನೈದು ಸಾವಿಗೆ.

ಒಂದೊಂದು ಅವಧಿಗೂ ನಾನು ಒಂದೊಂದು ವಾರ ತೆಗೆದುಕೊಂಡೆ. ಗರ ಬಿದ್ದ ಮೇಲೆ ಆ ನಾಲ್ಕು ವರ್ಷ ಅವಳು ಎಲ್ಲಿದ್ದಳು, ಏನು ಕಂಡಳು ಎಂದು ನೋಟ್ ಪುಸ್ತಕದಲ್ಲಿ ಬರೆದೆ. ಈ ಆಟದ ಜಗತ್ತಿನಲ್ಲಿ ಒಂದು ವಿಚಿತ್ರವಿದೆ: ಹಡಗಿಗಿಂತ ವೇಗವಾಗಿ ಸುದ್ದಿ ಹೋಗುವುದಿಲ್ಲ. ಹಡಗು ಒಂದು ನೆಗೆತ ನೆಗೆದರೆ ಸುಮಾರು ಒಂದು ವಾರ. ಆ ವಾರ ಒಳಗಿದ್ದವರಿಗೆ ಹೊರಗಿನ ಪ್ರಪಂಚವಿಲ್ಲ, ಹೊರಗಿನವರಿಗೆ ಅವರಿಲ್ಲ. ತಂತಿಯೂ ಇಲ್ಲದ ಕಾಲದಲ್ಲಿ ಟಪ್ಪಾಲು ಓಡುತ್ತಿದ್ದ ಹಾಗೆ. ಬಾಚಲೆ ಒಂದು ವಾರದ ಮೌನದಿಂದ ಇನ್ನೊಂದು ವಾರದ ಮೌನಕ್ಕೆ ಹೋಗುತ್ತ ಇಪ್ಪತ್ತೆರಡಾದಳು, ಇಪ್ಪತ್ತಾರಾದಳು, ಮೂವತ್ತಾದಳು, ಮೂವತ್ತನಾಲ್ಕಾದಳು. ನಾಲ್ಕು ಅವಧಿ ದಾಟುವವರು ನೂರಕ್ಕೆ ಹನ್ನೊಂದು ಹನ್ನೆರಡು ಮಂದಿ ಮಾತ್ರ. ಲೆಕ್ಕ ಹಾಕಿ ನೋಡಿದ್ದೇನೆ. ಅವಳ ಬಗ್ಗೆ ನನಗೆ ಹೆಮ್ಮೆ ಬಂದಿತ್ತು. ‘ರಾತ್ರಿಯೆಲ್ಲ ದೀಪ ಉರಿಸಿ ಯಾರ ಜೊತೆ ಆಡುತ್ತೀರಿ?’ ಎಂದು ಹೆಂಡತಿ ಕೇಳಿದಳು. ಯಾರೂ ಇಲ್ಲ ಎಂದೆ. ‘ಹಾಗಾದರೆ ಗೆದ್ದವರು ಯಾರು?’ ಎಂದಳು. ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ.

ಐದನೆಯ ಅವಧಿಯ ಗರ ಆ ಆಷಾಢದ ರಾತ್ರಿಯದು. ಮೂರು, ಎರಡು. ಒಟ್ಟು ಐದು.

ಒಂದು ದಾಳ ಪುಸ್ತಕದ ಅಂಚಿಗೆ ತಗುಲಿ ಸ್ವಲ್ಪ ವಾರೆಯಾಗಿ ನಿಂತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನಿಂತಿತ್ತೆ? ಈಗ ನೆನಪಿಸಿಕೊಂಡರೆ, ಎರಡೂ ದಾಳ ಮೇಜಿನ ಮೇಲೆ ಅಂಗಾತ, ಸ್ಪಷ್ಟವಾಗಿ ಬಿದ್ದಿದ್ದವು. ಮತ್ತೆ ಎಸೆದೆ. ನಾಲ್ಕು, ಐದು. ಒಂಬತ್ತು. ಬಾಚಲೆ ಬದುಕಿದಳು. ಪುಸ್ತಕದಲ್ಲಿ ಒಂಬತ್ತು ಎಂದು ಬರೆದು ದೀಪ ಆರಿಸಿದೆ.

ಇದರಲ್ಲಿ ತಪ್ಪೇನು? ನಮ್ಮಲ್ಲಿ ದಾಳವೆಂದ ಕೂಡಲೆ ನೆನಪಾಗುವವನು ಶಕುನಿ. ಅವನ ಎದುರಿಗೆ ಧರ್ಮರಾಜನಿದ್ದ, ಪಣದಲ್ಲಿ ರಾಜ್ಯವಿತ್ತು. ಶಕುನಿ ಒಬ್ಬನೇ ಕುಳಿತು ಆಡಿದ್ದರೆ ಮೋಸ ಮಾಡುತ್ತಿದ್ದನೆ? ಮಾಡುತ್ತಿರಲಿಲ್ಲವೆಂದೇ ನನ್ನ ಊಹೆ. ಅವನಿಗೆ ಮೋಸ ಉದ್ಯೋಗ. ಲಾಭವಿಲ್ಲದ ಕಡೆ ಉದ್ಯೋಗಿ ಕೈ ಆಡಿಸುವುದಿಲ್ಲ. ಲಾಭವಿಲ್ಲದೆಯೂ ಮೋಸ ಮಾಡುವುದು ನನ್ನಂಥ ಸಜ್ಜನರ ಪಾಲಿಗೆ ಬಂದ ಭಾಗ್ಯ.

ಇನ್ನೊಂದು ಸಮಾಧಾನವೂ ಹೊಳೆಯಿತು. ಕಾದಂಬರಿಕಾರ ತನ್ನ ನಾಯಕಿಯನ್ನು ಮೊದಲ ಕರಡಿನಲ್ಲಿ ಕೊಂದು ಎರಡನೆಯದರಲ್ಲಿ ಬದುಕಿಸಿದರೆ ಅದನ್ನು ಯಾರೂ ಮೋಸವೆನ್ನುವುದಿಲ್ಲ, ತಿದ್ದುಪಡಿ ಎನ್ನುತ್ತಾರೆ. ನಾನೂ ತಿದ್ದಿದೆ ಎನ್ನಬಹುದಲ್ಲ? ಆದರೆ ಈ ಮಾತು ನನ್ನ ಬಾಯಲ್ಲೇ ನಿಲ್ಲಲಿಲ್ಲ. ಕಾದಂಬರಿಕಾರ ಯಾರನ್ನೂ ಕೇಳಿರಲಿಲ್ಲ. ನಾನು ಕೇಳಿದ್ದೆ. ಕೇಳಿದವನಿಗೆ ಉತ್ತರ ಬಂದಿತ್ತು. ಉತ್ತರ ಹಿಡಿಸದೆ, ಕೇಳಿಸಲಿಲ್ಲವೆಂದು ನಟಿಸಿದೆ.

ಕನಕದಾಸರ ಬಾಳೆಹಣ್ಣಿನ ಕಥೆ ಕನ್ನಡದಲ್ಲಿ ಎಲ್ಲ ಮಕ್ಕಳಿಗೂ ಗೊತ್ತು. ಯಾರೂ ನೋಡದ ಕಡೆ ಹೋಗಿ ಹಣ್ಣು ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆಲ್ಲ ಕೊಟ್ಟರು. ಒಬ್ಬ ಕದದ ಹಿಂದೆ, ಒಬ್ಬ ಮರದ ಮೇಲೆ ತಿಂದು ಬಂದರು. ಕನಕ ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದ, ದೇವರಿಲ್ಲದ ಜಾಗ ಸಿಕ್ಕಲಿಲ್ಲವೆಂದ. ಈ ಕಥೆಯನ್ನು ಭಕ್ತಿಗೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಹಣ್ಣು ಕದ್ದದ್ದಲ್ಲ, ಗುರುವೇ ಕೊಟ್ಟದ್ದು. ತಿನ್ನುವುದಕ್ಕೆ ಅಪ್ಪಣೆಯೂ ಇತ್ತು. ಇದ್ದದ್ದು ಒಂದೇ ಷರತ್ತು. ಆ ಷರತ್ತನ್ನು ಉಳಿದವರು ಪಾಲಿಸಿದೆವೆಂದುಕೊಂಡರು, ಏಕೆಂದರೆ ಪಾಲಿಸಿದರೋ ಇಲ್ಲವೋ ಎಂದು ನೋಡುವವನನ್ನು ಅವರು ಹೊರಗೆ ಹುಡುಕಿದರು. ದೇವರು ನೋಡುತ್ತಾನೆ ಎಂಬ ಉತ್ತರ ನಂಬುವವರಿಗೆ ಸಾಕು. ಆದರೆ ಎರಡು ಪ್ಲಾಸ್ಟಿಕ್ ದಾಳಗಳ ವಿಷಯಕ್ಕೆ ಭಗವಂತನನ್ನು ಎಬ್ಬಿಸುವುದು ನನಗೆ ನಾಚಿಕೆಯೆನಿಸಿತು. ಅವನಿಲ್ಲದೆಯೇ ಉತ್ತರ ಸಿಕ್ಕುತ್ತದೆಯೇ ಎಂದು ನೋಡಬೇಕಾಗಿತ್ತು.

ಇಂಗ್ಲೆಂಡಿನ ಹಾಬ್ಸ್ 1651ರ ತನ್ನ ‘ಲೆವಯಥನ್’ ಗ್ರಂಥದಲ್ಲಿ ಅರಸನ ವಿಷಯ ಹೇಳುತ್ತ, ಕಟ್ಟುವವನೇ ಬಿಚ್ಚಬಲ್ಲನಾದ್ದರಿಂದ ತನಗೆ ತಾನೇ ಕಟ್ಟಿಕೊಂಡವನು ಕಟ್ಟಿಕೊಂಡವನೇ ಅಲ್ಲ ಎಂದು ವಾದಿಸಿದ. ಅರಸನಿಗೆ ಸಲ್ಲುವುದು ಒಂಟಿ ಆಟಗಾರನಿಗೂ ಸಲ್ಲುತ್ತದೆ. ಗೆಳೆಯನಿಗೆ ಕೊಟ್ಟ ಮಾತಿನಿಂದ ಗೆಳೆಯ ನನ್ನನ್ನು ಬಿಡುಗಡೆ ಮಾಡಬಹುದು. ನನಗೆ ನಾನು ಕೊಟ್ಟ ಮಾತಿನಿಂದ ನಾನೇ, ಯಾವ ಕ್ಷಣದಲ್ಲಾದರೂ. ಹಾಗಾದರೆ ಅದು ಮಾತೇ ಅಲ್ಲ. ಸುಮಾರು ಒಂದೂವರೆ ಶತಮಾನದ ಮೇಲೆ, 1797ರಲ್ಲಿ, ಜರ್ಮನಿಯ ಕ್ಯಾಂಟ್ ಇದಕ್ಕೆ ನೇರ ವಿರುದ್ಧವಾಗಿ, ತನ್ನ ಬಗ್ಗೆ ತನಗೆ ಕರ್ತವ್ಯವಿಲ್ಲದಿದ್ದರೆ ಲೋಕದಲ್ಲಿ ಯಾವ ಕರ್ತವ್ಯವೂ ಇರುವುದಿಲ್ಲ ಎಂದ. ನಾನು ತತ್ತ್ವಶಾಸ್ತ್ರ ಕಲಿತವನಲ್ಲ. ಹಾಬ್ಸನ ತರ್ಕದಲ್ಲಿ ತಪ್ಪು ಹುಡುಕಲಾರೆ. ಆದರೆ ಅವನ ತರ್ಕ ಹಿಡಿದು ಮಲಗಿದ ರಾತ್ರಿ ನಿದ್ದೆ ಬರಲಿಲ್ಲವೆಂಬುದನ್ನು ಮಾತ್ರ ದಾಖಲಿಸುತ್ತೇನೆ.

ಒಬ್ಬರೇ ಆಡುವ ಆಟಗಳು ನಮಗೆ ಹೊಸತಲ್ಲ. ನನ್ನ ಹೆಂಡತಿ ಘಟ್ಟದ ಕೆಳಗಿನವಳು. ಅವಳ ತಾಯಿಯ ಚೆನ್ನೆಮಣೆ ನಮ್ಮ ಮನೆಯಲ್ಲಿದೆ. ಅದರಲ್ಲಿ ಸೀತೆಯಾಟವೆಂದು ಒಂದಿದೆ. ಅಶೋಕವನದಲ್ಲಿ ಒಬ್ಬಳೇ ಕುಳಿತ ಸೀತೆ ಆಡುತ್ತಿದ್ದಳಂತೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ ಹಲವರು ಬಲ್ಲರು. 1831ರಲ್ಲಿ ಬ್ರಿಟಿಷರು ರಾಜ್ಯಭಾರ ಕಿತ್ತುಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೆ ಅವರು ಅರಸರಾಗಿ ಉಳಿದದ್ದು ಹೆಸರಿಗೆ. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಅವರು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ. ಆಳಲು ರಾಜ್ಯವಿಲ್ಲದ ಅರಸ, ಎದುರಾಳಿಯಿಲ್ಲದ ಮಣೆಯ ಮುಂದೆ. ಆ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತದೆ.

ಆದರೆ ಗಮನಿಸಬೇಕಾದ ಒಂದು ಸಂಗತಿಯಿದೆ. ಸೀತೆಯಾಟದಲ್ಲಿ ಕಾಳುಗಳು ನಿಯಮದ ಪ್ರಕಾರ ಗುಳಿಯಿಂದ ಗುಳಿಗೆ ಹೋಗುತ್ತವೆ. ಅಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಕುದುರೆಯ ನಡೆಯಲ್ಲಿ ತಪ್ಪಿದರೆ ಎಲ್ಲೋ ಒಂದು ಮನೆ ಖಾಲಿ ಉಳಿದು ಹಲ್ಲು ಕಿರಿಯುತ್ತದೆ. ಅಲ್ಲಿ ಮಣೆಯೇ ಸಾಕ್ಷಿ. ಮೋಸ ಮಾಡಬೇಕೆಂದರೂ ಆಗುವುದಿಲ್ಲ. ಆದ್ದರಿಂದ ಪ್ರಾಮಾಣಿಕನಾಗಿರಬೇಕಾದ ಶ್ರಮವೂ ಇಲ್ಲ. ದಾಳ ಹಾಗಲ್ಲ. ಬಿದ್ದ ಗರವನ್ನು ಎತ್ತಿಕೊಂಡರೆ ಅದು ಬಿದ್ದೇ ಇರಲಿಲ್ಲ. ಮೇಜಿನ ಮೇಲೆ ಗುರುತಿಲ್ಲ, ದಾಳಕ್ಕೆ ನೆನಪಿಲ್ಲ. ಮೂರು ಮತ್ತು ಎರಡು ಬಿದ್ದದ್ದನ್ನು ಬಲ್ಲವನು ಲೋಕದಲ್ಲಿ ನಾನೊಬ್ಬನೇ. ನಾನು ಇಲ್ಲವೆಂದರೆ ಅದು ಇಲ್ಲ.

ಹೀಗೆ ಯೋಚಿಸುವಾಗ ಒಂದು ವಿಷಯ ತಿಳಿಯಿತು. ಆ ನಾಲ್ಕು ವಾರ ನಾನು ಒಬ್ಬನೇ ಇದ್ದೆನೆಂದು ನನಗೆ ಅನಿಸಿರಲೇ ಇಲ್ಲ. ನಡುಮನೆಯಲ್ಲಿ ಇನ್ನೊಬ್ಬರಿದ್ದರು. ಬಾಚಲೆ ಅಲ್ಲ, ಅವಳು ನನ್ನ ಕಲ್ಪನೆ, ನಾನು ಹೇಳಿದ್ದನ್ನು ಹೇಳುವವಳು. ಆ ಇನ್ನೊಬ್ಬರು ಆ ಎರಡು ದಾಳಗಳೇ. ನಾನು ಎಣಿಸದೆ ಇದ್ದದ್ದನ್ನು ಹೇಳುತ್ತಿದ್ದುದು ಅವು ಮಾತ್ರ. ಗೆಳೆಯರು ಚದುರಂಗದಲ್ಲಿ ಎಂದೂ ನಾನು ಬಯಸಿದ ಕಡೆ ಕಾಯಿ ನಡೆಸಿದವರಲ್ಲ. ಅದಕ್ಕೇ ಅವರು ಬಂದರೆ ಮನೆ ತುಂಬುತ್ತಿತ್ತು. ದಾಳಗಳ ಮಾತನ್ನು ನಾನು ತಳ್ಳಿಹಾಕಿದ ಗಳಿಗೆಯಲ್ಲಿ ಕೋಣೆಯಲ್ಲಿ ಉಳಿದವನು ನಿಜವಾಗಿ ನಾನೊಬ್ಬನೇ. ಐದನೆಯ ಅವಧಿಯ ಪುಟ ಬರೆಯಲು ಮಾರನೆಯ ದಿನ ಕುಳಿತೆ. ಒಂದು ವಾಕ್ಯವೂ ಏಳಲಿಲ್ಲ.

ಹಾಗೆಂದು ದಯೆ ತೋರಿಸಲೇಬಾರದೆಂದು ಅರ್ಥವಲ್ಲ. 1981ರಲ್ಲಿ ಇದೇ ಆಟದ ನಿಯಮಗಳು ತಿದ್ದುಪಡಿಯಾಗಿ ಅಚ್ಚಾದಾಗ ಒಂದು ಐಚ್ಛಿಕ ನಿಯಮ ಸೇರಿತು: ಗರ ತಪ್ಪಿದರೆ ಪಾತ್ರ ಸಾಯಬೇಕಾಗಿಲ್ಲ, ಗಾಯಗೊಂಡು, ಅವಧಿಯ ಅರ್ಧದಲ್ಲೇ ಸೇವೆ ಬಿಟ್ಟು ಬರುತ್ತದೆ. ನಾಲ್ಕೇ ವರ್ಷದಲ್ಲಿ ಅಮೆರಿಕದವರ ಮನಸ್ಸೂ ಕರಗಿತು! ಮೊಮ್ಮಗ ಈ ಎರಡನ್ನೂ ತೋರಿಸಿ, ಯಾವುದು ಬೇಕು ತಾತ ಎಂದು ಕೇಳಿದ್ದ. ಹಳೆಯದೇ ಇರಲಿ ಎಂದಿದ್ದೆ. ಏಕೆಂದರೆ ಸಾಯುವ ಭಯವಿಲ್ಲದೆ ಆ ಗರಕ್ಕೆ ರುಚಿಯಿಲ್ಲವೆಂದು ಆಗ ಅನಿಸಿತ್ತು. ದಾಳ ಉರುಳುವ ಮೊದಲು ಹೊಸ ನಿಯಮ ಆರಿಸಿಕೊಂಡಿದ್ದರೆ ಅದು ದಯೆ. ಉರುಳಿದ ಮೇಲೆ ಆರಿಸಿಕೊಂಡರೆ ಏನು? ಕಠಿಣ ನಿಯಮದ ರೋಮಾಂಚವೂ ಬೇಕು, ಮೃದು ನಿಯಮದ ರಕ್ಷಣೆಯೂ ಬೇಕು. ಕೊಡುವುದು ಮಾತ್ರ ಎರಡಕ್ಕೂ ಬೇಡ.

ಈ ಸ್ಪಷ್ಟತೆ ನನಗೆ ಹೆಚ್ಚು ಹೊತ್ತು ಉಳಿಯಲಿಲ್ಲ. ಹಳೆಯದೊಂದು ನೆನಪು ಅಡ್ಡ ಬಂತು. ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ಇದೇ ಮೇಜಿನ ಮೇಲೆ, ಇದೇ ಹೊತ್ತಿನಲ್ಲಿ, ಒಬ್ಬನೇ ತಿದ್ದುತ್ತಿದ್ದೆ. ಒಬ್ಬ ಹುಡುಗಿಗೆ ಮೂವತ್ತೆರಡು ಬಂತು. ಮೂವತ್ತೈದಕ್ಕೆ ತೇರ್ಗಡೆ. ನಪಾಸಾದರೆ ಅವಳ ಮನೆಯವರು ಶಾಲೆ ಬಿಡಿಸುತ್ತಾರೆಂದು ಗೊತ್ತಿತ್ತು. ಪತ್ರಿಕೆಯನ್ನು ಮತ್ತೆ ಮೊದಲಿಂದ ನೋಡಿದೆ. ಒಂದು ಲೆಕ್ಕದಲ್ಲಿ ಹಂತಕ್ಕೆ ಒಂದು, ಇನ್ನೊಂದರಲ್ಲಿ ಚಿತ್ರಕ್ಕೆ ಎರಡು ಸಿಕ್ಕಿತು. ಕೊಡಬಹುದಾದ ಅಂಕಗಳೇ, ಯಾರು ಕೇಳಿದರೂ ಸಮರ್ಥಿಸಬಲ್ಲೆ. ಇದರ ಬಗ್ಗೆ ನನಗೆ ಎಂದೂ ಪಶ್ಚಾತ್ತಾಪವಾಗಿಲ್ಲ, ಈಗಲೂ ಇಲ್ಲ. ಆದರೆ ಎರಡನೆಯ ಸಲ ನೋಡಿದ್ದು ಅವಳೊಬ್ಬಳ ಪತ್ರಿಕೆಯನ್ನು. ಉಳಿದ ಪತ್ರಿಕೆಗಳಲ್ಲೂ ನಾನು ಕೊಡಲು ಮರೆತ ಹಂತಗಳಿದ್ದವೋ ಏನೋ. ತಪ್ಪಾಗಿ ಕೊಟ್ಟ ಅಂಕಗಳೂ ಇದ್ದಿರಬಹುದು. ನೋಡಲಿಲ್ಲ.

ಇಲ್ಲಿ ನನ್ನ ಗಣಿತ ನನಗೆ ಒದಗಿತು. ಬಾಚಲೆ ಸಾಯುವ ಸಂಭವ ಹನ್ನೆರಡಕ್ಕೆ ಐದು. ಕೆಟ್ಟ ಗರ ಬಿದ್ದಾಗಲೆಲ್ಲ ಗುಟ್ಟಾಗಿ ಒಂದು ಸಲ ಮತ್ತೆ ಎಸೆಯುವುದೆಂದಾದರೆ ಅದು ನೂರನಾಲ್ವತ್ತನಾಲ್ಕಕ್ಕೆ ಇಪ್ಪತ್ತೈದಕ್ಕೆ ಇಳಿಯುತ್ತದೆ. ನೂರಕ್ಕೆ ನಲವತ್ತೆರಡು ಇದ್ದದ್ದು ಹದಿನೇಳಾಗುತ್ತದೆ. ಬೇರೆ ದಾಳವಿಲ್ಲದೆ, ಬೇರೆ ನಿಯಮವಿಲ್ಲದೆ, ಲೋಕ ಇದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಸೌಮ್ಯವಾಗಿ ಕಾಣುತ್ತದೆ. ದಾಳ ವಾರೆಯಾಗಿ ನಿಲ್ಲುವುದುಂಟು, ಅದನ್ನು ಮತ್ತೆ ಎಸೆಯುವುದು ನ್ಯಾಯವೇ. ಆದರೆ ಏಳಕ್ಕಿಂತ ಹೆಚ್ಚು ಬಿದ್ದಾಗ ದಾಳ ವಾರೆಯಾಗಿತ್ತೇ ಎಂದು ನಾನು ಬಗ್ಗಿ ನೋಡಿದ್ದು ಒಮ್ಮೆಯೂ ಇಲ್ಲ. ಎರಡನೆಯ ಎಸೆತ ತಾನಾಗಿ ತಪ್ಪಲ್ಲವೇನೋ. ಕೆಟ್ಟ ಸುದ್ದಿಗೆ ಮಾತ್ರ ಅದನ್ನು ಮೀಸಲಿಟ್ಟದ್ದರಲ್ಲಿ ಸುಳ್ಳು ಇತ್ತು. ಹುಡುಗಿಯ ವಿಷಯದಲ್ಲಿ ಆ ಸುಳ್ಳನ್ನು ಇನ್ನೊಬ್ಬರಿಗಾಗಿ ಹೇಳಿದೆ, ಬೆಲೆ ಏನೆಂದು ಗೊತ್ತಿದ್ದು ಹೇಳಿದೆ. ಬಾಚಲೆಯ ವಿಷಯದಲ್ಲಿ ಕೇಳುಗನೂ ನಾನೇ, ನಂಬಿದವನೂ ನಾನೇ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅದೇ ಮೇಜಿನ ಮೇಲೆ ಇನ್ನೊಂದು ನೋಟ್ ಪುಸ್ತಕವಿದೆ. ನನಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎದ್ದು ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಸಣ್ಣ ಯಂತ್ರಕ್ಕೆ ತೋರಿಸಿ, ಅದು ಹೇಳಿದ ಸಂಖ್ಯೆಯನ್ನು ಆ ಪುಸ್ತಕದಲ್ಲಿ ಬರೆಯಬೇಕು. ಬಾಚಲೆ ಬದುಕಿಕೊಂಡ ಎಂಟು ಹತ್ತು ದಿನಕ್ಕೆ ಯಂತ್ರ 214 ಎಂದು ತೋರಿಸಿತು. ಕೈಗೆ ಬೆಲ್ಲ ಅಂಟಿತ್ತೇನೋ ಎಂದುಕೊಂಡೆ. ಸೋಪು ಹಾಕಿ ಕೈ ತೊಳೆದು ಇನ್ನೊಂದು ಬೆರಳು ಚುಚ್ಚಿದೆ. 188. ಪುಸ್ತಕದಲ್ಲಿ 188 ಎಂದು ಬರೆಯಲು ಪೆನ್ಸಿಲು ಎತ್ತಿದವನು ಹಾಗೆಯೇ ಕುಳಿತೆ.

ಬೆರಳಿಗೆ ಸಿಹಿ ಅಂಟಿದ್ದರೆ ಸಂಖ್ಯೆ ಏರುವುದು ನಿಜ. ಈ ಯಂತ್ರಗಳು ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆ ತೋರಿಸಬಹುದೆಂದು ನಿಯಮವೇ ಒಪ್ಪಿದೆ. ಹಾಗಾಗಿ ಎರಡೂ ಸುಳ್ಳಲ್ಲ. ಆದರೆ ಹಿಂದಿನ ಪುಟಗಳನ್ನು ತಿರುವಿದೆ. ಎಷ್ಟು ಬೆಳಿಗ್ಗೆ ಹೀಗೆ ಕೈ ತೊಳೆದಿದ್ದೇನೆಂದು ಪುಸ್ತಕದಲ್ಲಿ ಬರೆದಿರಲಿಲ್ಲ, ನೆನಪಿನಲ್ಲಿ ಬರೆದಿತ್ತು. 118 ತೋರಿಸಿದ ಬೆಳಿಗ್ಗೆ ಕೈ ತೊಳೆದದ್ದು ನೆನಪಾಗಲಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಒಂದು ರಕ್ತಪರೀಕ್ಷೆಯಿದೆ. ಅದರ ಸಂಖ್ಯೆಗೂ ನನ್ನ ಪುಸ್ತಕಕ್ಕೂ ತಾಳೆಯಾಗುವುದಿಲ್ಲವಲ್ಲ ಎಂದು ವೈದ್ಯರು ಕಳೆದ ವರ್ಷ ತಲೆ ಕೆರೆದುಕೊಂಡಿದ್ದರು. ಯಂತ್ರ ಹಳತಾಗಿರಬೇಕು ಎಂದಿದ್ದೆ. ಹೊಸ ಯಂತ್ರ ಕೊಂಡೂ ಇದ್ದೆ!

ಆಟದ ಮೇಜಿನಿಂದ ಈ ಚಾಳಿ ರಕ್ತದ ಪುಸ್ತಕಕ್ಕೆ ಹಬ್ಬಿತೋ, ಅಲ್ಲಿಂದ ಇಲ್ಲಿಗೆ ಬಂತೋ ಹೇಳಲಾರೆ. ವರ್ಷಗಳ ಲೆಕ್ಕ ನೋಡಿದರೆ ರಕ್ತದ ಪುಸ್ತಕವೇ ಹಿರಿಯದು. ಬಾಚಲೆಯ ದೆಸೆಯಿಂದ ಅದು ಕಣ್ಣಿಗೆ ಬಿತ್ತು, ಅಷ್ಟೇ. ಅಂದು ಬೆಳಿಗ್ಗೆ 214 ಮತ್ತು 188 ಎರಡನ್ನೂ ಬರೆದೆ. ಆಮೇಲೆ ಇನ್ನೊಂದು ಪುಸ್ತಕ ತೆಗೆದು, ಒಂಬತ್ತು ಎಂದಿದ್ದ ಕಡೆ ಅದರ ಮುಂದೆ ಶಾಯಿಯಲ್ಲಿ ಐದು ಎಂದು ಬರೆದೆ.

ಅವಳು ಸತ್ತಳೆಂದು ಬರೆಯಲು ಇನ್ನೂ ಕೈ ಬಂದಿಲ್ಲ. ಮೊಮ್ಮಗನಿಗೆ ಫೋನಿನಲ್ಲಿ ಹೇಳಿದರೆ, ಗಾಯವಾಯಿತೆಂದು ಬರೆದು ಮುಂದೆ ಹೋಗಿ ತಾತ, ಯಾರು ನೋಡುತ್ತಾರೆ ಎಂದ. ಸದ್ಯಕ್ಕೆ ಹಡಗು ನೆಗೆತದ ನಡುವೆ ಇದೆಯೆಂದು ಇಟ್ಟುಕೊಂಡಿದ್ದೇನೆ. ಆ ವಾರ ಮುಗಿದಿಲ್ಲ. ಬರುವ ಸೋಮವಾರ ಮೂರು ತಿಂಗಳ ರಕ್ತಪರೀಕ್ಷೆಗೆ ಹಾಸನಕ್ಕೆ ಹೋಗಬೇಕು. ಎರಡೆರಡು ಸಂಖ್ಯೆ ಬರೆದ ಪುಸ್ತಕವನ್ನು ವೈದ್ಯರ ಮುಂದೆ ಇಟ್ಟು ಏನು ಹೇಳುವುದೆಂದು ಇನ್ನೂ ಯೋಚಿಸಿಲ್ಲ. ಬೆಳಗಿನ ಬಸ್ಸಿಗೇ ಹೊರಡಿ, ಅಲ್ಲಿ ಬಹಳ ಜನವಿರುತ್ತಾರೆ ಎಂದು ಹೆಂಡತಿ ಹೇಳಿದ್ದಾಳೆ.